ಹತ್ತಿಯ ಊರಿನಲ್ಲಿ ಹತ್ತಿ, ಇಳಿದು

ಊರು ನೋಡಹೊರಟವರಲ್ಲಿ ಎರಡು ಪಂಗಡಗಳುಂಟು. ಗಾಡಿಯಿಂದ ಕೆಳಗೆ ಇಳಿಯಲೊಲ್ಲದವರು ಒಂದು ಪಂಗಡ; ಇಳಿದ ಮೇಲೆ ಮತ್ತೆ ಗಾಡಿ ಹತ್ತಲೊಲ್ಲದವರು ಇನ್ನೊಂದು ಪಂಗಡ. ಈ ಎರಡೂ ಪಂಗಡದವರು ಒಂದೇ ಮನೆಯಲ್ಲಿದ್ದುಬಿಟ್ಟರೆ ಪ್ರವಾಸದ ಹೊಣೆ ಹೊತ್ತವನ ಪಾಡು ದೇವರಿಗೇ ಪ್ರೀತಿ. ಇಂಥ ಮನೆಗಳ ಸಂಕಟವನ್ನು ಕಂಡು ಮರುಗಿದವರಾರೋ, ಬೇಕಾದಲ್ಲಿ ಇಳಿದು ಬೇಕಾದಾಗ ಹತ್ತುವ ಬಂಡಿಯೊಂದನ್ನು ಹೂಡಿದ್ದಾರೆ. ಒಂದು ಸಲ ಟಿಕೆಟ್ ಕೊಂಡು ಅದರ ಗುರುತಿನ ಚೀಟಿಯನ್ನು ಅಂಗಿಗೆ ಅಂಟಿಸಿಕೊಂಡರಾಯಿತು; ದಿನವಿಡೀ ಆ ಬಂಡಿ ನಿಮ್ಮದು. ಅಮೆರಿಕೆಯ ದಕ್ಷಿಣ ಭಾಗದ ಪುರಾತನ ನಗರವಾದ ಸವಾನಾವನ್ನು ನಾವು ಕಂಡದ್ದು ಇಂಥದೊಂದು ಬಂಡಿಯಿಂದ. ಪೂರ್ಣವಾಗಿ ಬಂಡಿಯಿಂದಲೇ ಕಂಡೆವೆನ್ನುವಂತಿಲ್ಲ. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ನನ್ನ ಅಕ್ಕನ ಸಂಸಾರ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿದೆ. ಧಾರವಾಡದ ಕಾಲೇಜಿಗೆ ಬೇಸಗೆಯ ರಜೆ ಬಂದಾಗ ನಾನು ಅಲ್ಲಿಗೆ ಹೋಗಿದ್ದೆ. ಅಲ್ಲಿಂದ ಆಗ್ನೇಯಕ್ಕೆ ಸುಮಾರು 400 ಕಿಲೋಮೀಟರು ಕಾರಿನಲ್ಲಿ ಸಾಗಿದರೆ ಸವಾನಾ. ಅಕ್ಕನಿಗೆ ಮೊಣಕಾಲು ನೋವು. ಭಾವನವರಿಗೆ ಇತಿಹಾಸವೆಂದರೆ ಆಕಳಿಕೆ. ಹನ್ನೆರಡು ವರ್ಷದ ಸೊಸೆಗೆ ಕಂಡದ್ದನ್ನೆಲ್ಲ ಕೇಳುವ ಚಟ. ನಾಲ್ವರಿಗೂ ಟ್ರಾಲಿಯೇ ತಕ್ಕದ್ದೆಂದು ತೀರ್ಮಾನವಾಯಿತು.

ವೇಷ ತೊಟ್ಟ ಬಸ್ಸು

ಟ್ರಾಲಿಯನ್ನು ಕಂಡೊಡನೆ ಮುತ್ತಾತನ ಕಾಲದ ಟ್ರಾಂ ಗಾಡಿಯೆಂದೇ ಭ್ರಮೆಯಾಗುತ್ತದೆ. ಕಮಾನಿನ ಕಿಟಕಿಗಳು, ಮರದ ಆಸನಗಳು, ಠಣಠಣ ಬಾರಿಸುವ ಗಂಟೆ. ಬಗ್ಗಿ ನೋಡಿದರೆ ಕೆಳಗೆ ಹಳಿಗಳಿಲ್ಲ, ರಬ್ಬರು ಚಕ್ರಗಳಿವೆ! ಸ್ತ್ರೀವೇಷದವನ ಸೆರಗಿನ ಮರೆಯಿಂದ ಮೀಸೆ ಇಣುಕಿದಂತೆ, ಟ್ರಾಮಿನ ವೇಷದೊಳಗಿಂದ ಬಸ್ಸು ಇಣುಕುತ್ತದೆ. ಸವಾನಾದಲ್ಲಿ ನಿಜವಾದ ಟ್ರಾಂ ಗಾಡಿಗಳೂ ಒಮ್ಮೆ ಓಡುತ್ತಿದ್ದವು. 1946ರಲ್ಲಿ ಅವು ನಿಂತುಹೋದವು.

ಹಳೆಯ ರೈಲು ನಿಲ್ದಾಣವೇ ಈಗ ಪ್ರವಾಸಿಗಳ ಸ್ವಾಗತ ಕೇಂದ್ರ. ಅಲ್ಲಿ ಬಂಡಿ ಹತ್ತಿದೆವು. ಇಳಿಯದೆ ಕುಳಿತರೆ ಒಂದು ಸುತ್ತಿಗೆ ಸುಮಾರು ಒಂದೂವರೆ ಗಂಟೆ. ಚಾಲಕಿಯೇ ಮಾರ್ಗದರ್ಶಿ, ಒಂದು ಕೈ ಚಕ್ರದ ಮೇಲೆ, ಬಾಯಿ ಮೈಕಿನ ಮುಂದೆ. ಐವತ್ತು ದಾಟಿದ ಆ ಮಹಾತಾಯಿಯ ವಾಗ್ಝರಿಯ ಮುಂದೆ ನಮ್ಮಂಥ ಅಧ್ಯಾಪಕರು ತಲೆಬಾಗಲೇಬೇಕು. ಮೊದಲ ಸುತ್ತನ್ನು ಇಳಿಯದೆ ಮುಗಿಸಿ, ಊರಿನ ಆಕಾರವನ್ನು ಮನಸ್ಸಿನಲ್ಲಿಟ್ಟುಕೊಂಡು, ಎರಡನೆಯ ಸುತ್ತಿನಲ್ಲಿ ಬೇಕಾದಲ್ಲಿ ಇಳಿಯಬೇಕೆಂದು ಆಕೆ ಸಲಹೆಯಿತ್ತಳು. ಆ ದಾರಿಯಲ್ಲಿ ಹೋಗುವ ನಮ್ಮವರಿಗೂ ನನ್ನದು ಇದೇ ಸಲಹೆ.

ಚೌಕಗಳ ಪಟ್ಟಣ

ಊರಿನ ಆಕಾರವೇ ಸವಾನಾದ ಮೊದಲ ಸೊಬಗು. 1733ರ ಫೆಬ್ರುವರಿ 12ರಂದು ಜೇಮ್ಸ್ ಓಗಲ್‌ಥಾರ್ಪ್ ಎಂಬ ಆಂಗ್ಲ ಮುಖಂಡ ನೂರಕ್ಕಿಷ್ಟು ಮಿಕ್ಕ ವಲಸೆಗಾರರೊಡನೆ ಬಂದು ನದಿಯ ಎತ್ತರದ ದಂಡೆಯ ಮೇಲೆ ಈ ಊರಿಗೆ ತಳಹದಿ ಹಾಕಿದನು. ನಡುವೆ ಒಂದು ಬಯಲು ಚೌಕ. ಅದರ ಉತ್ತರ ದಕ್ಷಿಣಗಳಲ್ಲಿ ಮನೆಗಳಿಗಾಗಿ ನಲವತ್ತು ನಿವೇಶನ. ಪೂರ್ವ ಪಶ್ಚಿಮಗಳಲ್ಲಿ ಗುಡಿ, ಕಚೇರಿ ಮೊದಲಾದ ಸಾರ್ವಜನಿಕ ಕಟ್ಟಡಗಳಿಗಾಗಿ ನಾಲ್ಕು ನಿವೇಶನ. ಇಷ್ಟಾದರೆ ಒಂದು ಕೇರಿ. ಊರು ಬೆಳೆದಂತೆಲ್ಲ ಇದೇ ಅಚ್ಚಿನ ಕೇರಿಯೊಂದನ್ನು ಪಕ್ಕದಲ್ಲಿ ಜೋಡಿಸುತ್ತ ಹೋದರಾಯಿತು. ನಮ್ಮ ಹೆಣ್ಣುಮಕ್ಕಳು ಚುಕ್ಕಿಗಳನ್ನು ಏರಿಸಿ ರಂಗೋಲಿಯನ್ನು ಹಿಗ್ಗಿಸುವುದಿಲ್ಲವೆ, ಹಾಗೆ. ಈ ರೀತಿಯಲ್ಲಿ 1851ರ ವರೆಗೆ 24 ಚೌಕಗಳಾದವು. ಇಂದು 22 ಉಳಿದಿವೆ.

ಪ್ರತಿ ಚೌಕದಲ್ಲೂ ಓಕ್ ಮರಗಳ ನೆರಳು. ಕೊಂಬೆಕೊಂಬೆಯಿಂದ ಋಷಿಗಳ ಜಟೆಯಂತೆ ಬೂದುಬಣ್ಣದ ಎಳೆಗಳು ಜೋತಾಡುತ್ತವೆ. ಇದಕ್ಕೆ ‘ಸ್ಪ್ಯಾನಿಷ್ ಮಾಸ್’ ಎಂದು ಹೆಸರು. ಆದರೆ ಇದು ಸ್ಪೇನಿನದೂ ಅಲ್ಲ, ಹಾವಸೆಯೂ ಅಲ್ಲ. ಅನಾನಸಿನ ಕುಲಕ್ಕೆ ಸೇರಿದ ಗಿಡ! ಮರದ ಸಾರವನ್ನು ಹೀರದೆ, ಗಾಳಿಯ ತೇವವನ್ನೂ ಮಳೆಯ ನೀರನ್ನೂ ಉಂಡು ಬದುಕುತ್ತದೆ. ಮೇ ತಿಂಗಳ ಸೆಕೆ ನಮ್ಮ ಕರಾವಳಿಯನ್ನು ನೆನಪಿಗೆ ತಂದರೂ ಚೌಕದ ಒಳಹೊಕ್ಕೊಡನೆ ಮೈ ತಂಪಾಗುತ್ತಿತ್ತು.

ನದಿಯ ದಂಡೆಯಲ್ಲಿ ಧಾರವಾಡ

ಎರಡನೆಯ ಸುತ್ತಿನಲ್ಲಿ ನಾವು ಮೊದಲು ಇಳಿದದ್ದು ನದಿಯ ಬಳಿ. ಹಡಗುಗಳು ಭಾರಕ್ಕೆಂದು ತುಂಬಿ ತಂದು ಇಲ್ಲಿ ಸುರಿದ ಉರುಟು ಕಲ್ಲುಗಳನ್ನೇ ಇಳಿಜಾರಿಗೆ ಹಾಸಿದ್ದಾರೆ. ಅಕ್ಕ ನನ್ನ ತೋಳು ಹಿಡಿದು ಇಳಿದಳು. ದಂಡೆಗೆ ಒರಗಿ ನಿಂತ ಇಟ್ಟಿಗೆಯ ಮಳಿಗೆಗಳಿಗೂ ಮೇಲಿನ ಬೀದಿಗೂ ನಡುವೆ ಕಬ್ಬಿಣದ ಕಿರುಸೇತುವೆಗಳು. ಇದು ಹತ್ತಿಯ ದಲಾಲರ ಓಣಿ. ಹುಬ್ಬಳ್ಳಿಯ ಅಡತಿ ಅಂಗಡಿಗಳನ್ನು ಕಂಡವರಿಗೆ ಬೇರೆ ವಿವರಣೆ ಬೇಡ. ಇಲ್ಲಿ ಹತ್ತಿಯ ಪೇಟೆಗೆಂದು 1887ರ ಹೊತ್ತಿಗೆ ಕಟ್ಟಿದ ಕೆಂಪು ಸೌಧ ಇಂದಿಗೂ ನಿಂತಿದೆ.

ಇಲ್ಲಿ ನನಗೆ ಧಾರವಾಡ ನೆನಪಾದದ್ದು ಸುಮ್ಮನೆ ಅಲ್ಲ. ಬೀಜದಿಂದ ಹತ್ತಿಯನ್ನು ಬಿಡಿಸುವ ಹಲ್ಲಿನ ಯಂತ್ರವನ್ನು ಇಲೈ ವಿಟ್ನಿ 1793ರಲ್ಲಿ ರೂಪಿಸಿದ್ದು ಇದೇ ಸವಾನಾದ ಹತ್ತಿರದ ತೋಟವೊಂದರಲ್ಲಿ. ಆ ಕುಲದ ಯಂತ್ರಗಳೂ ಅಮೆರಿಕದ ಹತ್ತಿಬೀಜವೂ 1840ರ ದಶಕದಲ್ಲಿ ಧಾರವಾಡ ಸೀಮೆಯ ಕರಿಯ ಮಣ್ಣಿಗೆ ಬಂದವು. ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನ ಹತ್ತಿ ನಮ್ಮಲ್ಲಿ ಬೆಳೆಯಿತು. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಲ್ಲಿನ ಬಂದರುಗಳು ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ಹತ್ತಿಗಾಗಿ ಬಾಯಿತೆರೆದವು, ಧಾರಣೆ ಗಗನಕ್ಕೇರಿತು. ಸವಾನಾದ ಹಡಗುಗಳು ನಿಂತಾಗ ಧಾರವಾಡದ ಎತ್ತಿನ ಗಾಡಿಗಳು ಓಡಿದವು. ಯುದ್ಧ ಮುಗಿದು ಬೆಲೆ ಕುಸಿದಾಗ ಸಾಲ ಮಾಡಿದ ರೈತ ಕೈ ಸುಟ್ಟುಕೊಂಡನು.

ಆ ಯಂತ್ರದಿಂದ ದುಡಿಮೆ ಕಡಮೆಯಾಗಬೇಕಿತ್ತು, ಆದದ್ದು ಬೇರೆ. ಬೀಜ ಬಿಡಿಸುವುದು ಸುಲಭವಾದಂತೆ ಹತ್ತಿಯ ಹೊಲಗಳು ಹಬ್ಬಿದವು. ಬಿಡಿಸುವ ಕೈಗಳಿಗಾಗಿ ಗುಲಾಮರ ವ್ಯಾಪಾರ ಕುದುರಿತು. 1859ರ ಮಾರ್ಚ್ 2 ಮತ್ತು 3ರಂದು, ಸುರಿಯುವ ಮಳೆಯಲ್ಲಿ, ಈ ಊರಿನ ಹೊರಗಿನ ಕುದುರೆಪಂದ್ಯದ ಬಯಲಿನಲ್ಲಿ ಒಬ್ಬ ಜಮೀನುದಾರನ ಸಾಲ ತೀರಿಸಲೆಂದು 436 ಜನ ಗುಲಾಮರನ್ನು ಹರಾಜಿಗಿಟ್ಟರು. ‘ಅಳುವಿನ ಹೊತ್ತು’ ಎಂದು ಕಪ್ಪು ಜನ ಅದನ್ನು ನೆನೆಯುತ್ತಾರೆ. ಟ್ರಾಲಿಯ ದಾರಿ ಹಳೆಯ ಪಟ್ಟಣದ ಒಳಗಷ್ಟೆ. ಆ ಬಯಲಿನತ್ತ ಅದು ಹೋಗುವುದಿಲ್ಲ.

ಏಳು ಮಂದಿ ಮಹಿಳೆಯರು

ಈ ಸೊಬಗೆಲ್ಲ ತಾನಾಗಿ ಉಳಿದುಬಂದದ್ದೆಂದು ತಿಳಿಯಬಾರದು. ಎಲಿಸ್ ಚೌಕದಲ್ಲಿದ್ದ ಹಳೆಯ ಸಂತೆಕಟ್ಟೆಯ ಕಟ್ಟಡವನ್ನು 1954ರಲ್ಲಿ ಕೆಡವಿ ಕಾರು ನಿಲ್ಲಿಸುವ ಕಟ್ಟಡವನ್ನು ಎಬ್ಬಿಸಿದರು. ಮರುವರ್ಷ 1820ರ ಡೇವನ್‌ಪೋರ್ಟ್ ಭವನಕ್ಕೂ ಅದೇ ಗತಿ ಒದಗಲಿದ್ದಾಗ ಏಳು ಮಂದಿ ಮಹಿಳೆಯರು ಹಣ ಕೂಡಿಸಿ 22,500 ಡಾಲರಿಗೆ ಆ ಮನೆಯನ್ನು ಕೊಂಡುಬಿಟ್ಟರು. ಹೀಗೆ ಹುಟ್ಟಿದ ಸಂಸ್ಥೆ, ಹಳೆಯ ಮನೆಗಳನ್ನು ಕೊಳ್ಳುವುದು, ಕೆಡವಕೂಡದೆಂಬ ಕರಾರಿನೊಡನೆ ಮಾರುವುದು, ಬಂದ ಹಣದಿಂದ ಇನ್ನೊಂದನ್ನು ಕೊಳ್ಳುವುದು ಎಂಬ ಉಪಾಯದಿಂದ ನೂರಾರು ಮನೆಗಳನ್ನು ಉಳಿಸಿತು. ಕಾರುಗಳ ಆ ಕಟ್ಟಡವನ್ನೂ ಕೊನೆಗೆ ಕೆಡವಿ 2010ರಲ್ಲಿ ಎಲಿಸ್ ಚೌಕವನ್ನು ಮತ್ತೆ ಜನರಿಗೆ ತೆರೆದರು. ಡೇವನ್‌ಪೋರ್ಟ್ ಭವನದ ಮುಂದೆ ಅಕ್ಕ ಬಹಳ ಹೊತ್ತು ನಿಂತಳು. “ನಮ್ಮ ಅಜ್ಜನ ವಾಡೇದ ಮುಂದ ಏಳು ಮಂದಿ ಹಿಂಗ ನಿಂತಿದ್ದರ...” ಎಂದವಳು ಮಾತನ್ನು ಮುಗಿಸಲಿಲ್ಲ. ನಾನೂ ಕೆದಕಲಿಲ್ಲ.

ತಪ್ಪಿದ ಬಂಡಿ

ಕೊನೆಗೆ ನಾವು ಇಳಿದದ್ದು ಊರಿನ ತೆಂಕಣ ತುದಿಯ ಫಾರ್ಸೈತ್ ಉದ್ಯಾನದಲ್ಲಿ. 1858ರ ಬಿಳಿಯ ಕಾರಂಜಿಯ ಮುಂದೆ ಚಿತ್ರ ತೆಗೆಯುವ ಉತ್ಸಾಹದಲ್ಲಿ ನಾನು ಗಡಿಯಾರವನ್ನು ಮರೆತೆ. ಕೊನೆಯ ಟ್ರಾಲಿಯ ಗಂಟೆ ಕೇಳಿಸಿದಾಗ ಅದು ಮೂಲೆ ತಿರುಗುತ್ತಿತ್ತು. ಕಾರು ಇದ್ದದ್ದು ಊರಿನ ಇನ್ನೊಂದು ಅಂಚಿನಲ್ಲಿ. ಭಾವನವರು ನನ್ನನ್ನು ನೋಡಿದ ನೋಟವನ್ನು ಬಣ್ಣಿಸಲಾರೆ. “ಇರಲಿ ಬಿಡು ತಮ್ಮಾ, ಸಾವಕಾಶ ನಡದರಾತು” ಎಂದು ಅಕ್ಕನೇ ಮೊದಲು ಹೆಜ್ಜೆ ಹಾಕಿದಳು.

ನಡೆಯುವಾಗ ಸೊಸೆಗೆ ಒಂದು ಕಥೆ ಹೇಳಿದೆ. 1906ರಲ್ಲಿ ಸವಾನಾದ ನಗರಸಭೆ ಟ್ರಾಮಿನಲ್ಲಿ ಕಪ್ಪು ಜನರನ್ನು ಬೇರೆಯಾಗಿ ಕೂಡಿಸಬೇಕೆಂದು ಕಟ್ಟಳೆ ಮಾಡಿತು. ಆ ಜನ ಟ್ರಾಂ ಹತ್ತುವುದನ್ನೇ ಬಿಟ್ಟು ಕಾಲ್ನಡಿಗೆ ಹಿಡಿದರು. ಆಗ ಕಟ್ಟಳೆ ಸಡಿಲಲಿಲ್ಲ. ಆದರೆ ಆ ಹಟ ಸಾಯಲಿಲ್ಲ. 1960ರಲ್ಲಿ ಅಂಚೆಪೇದೆಯಾಗಿದ್ದ ಡಬ್ಲ್ಯು. ಡಬ್ಲ್ಯು. ಲಾ ಎಂಬಾತನ ಮುಂದಾಳುತನದಲ್ಲಿ ಜನ ಪೇಟೆಯ ಅಂಗಡಿಗಳನ್ನೇ ಬಹಿಷ್ಕರಿಸಿ ಗೆದ್ದರು. ಅದೇ ಲಾ ಮುಂದೆ ಕಪ್ಪು ಜನರ ಮನೆ, ಗುಡಿ, ನೆನಪುಗಳನ್ನು ಉಳಿಸಲು ದುಡಿದು, ಅವುಗಳನ್ನು ತೋರಿಸುವ ಯಾತ್ರೆಯೊಂದನ್ನು ತಾನೇ ಏರ್ಪಡಿಸಿ, 2002ರಲ್ಲಿ ತೀರಿಕೊಂಡನು.

ನಮ್ಮ ದಾರಿ ಚೌಕದಿಂದ ಚೌಕಕ್ಕೆ ಸಾಗಿತು. ಪ್ರತಿ ಚೌಕದ ಬೆಂಚಿನ ಮೇಲೂ ಅಕ್ಕನಿಗೆ ವಿಶ್ರಾಂತಿ. ಮ್ಯಾಡಿಸನ್ ಚೌಕದ ಅಂಚಿನಲ್ಲಿ ಗ್ರೀನ್-ಮೆಲ್ಡ್ರಿಮ್ ಭವನ. 1864ರ ಡಿಸೆಂಬರಿನಲ್ಲಿ ಊರನ್ನು ಹಿಡಿದ ಸೇನಾಪತಿ ಶರ್ಮನ್, ಸವಾನಾವನ್ನು ಕ್ರಿಸ್ಮಸ್ ಕಾಣಿಕೆಯಾಗಿ ಒಪ್ಪಿಸುತ್ತಿರುವೆನೆಂದು ಅಧ್ಯಕ್ಷ ಲಿಂಕನ್ನನಿಗೆ ತಂತಿ ಕಳಿಸಿ ಬೀಡುಬಿಟ್ಟದ್ದು ಇಲ್ಲಿ. ಬೆಳಿಗ್ಗೆ ಟ್ರಾಲಿಯಲ್ಲಿ ಕೇಳಿದ ಈ ಕಥೆ ಎಲ್ಲರಿಗೂ ರುಚಿಸಿತ್ತು. ಅದೇ ಮನೆಯಲ್ಲಿ 1865ರ ಜನವರಿ 12ರಂದು ಕಪ್ಪು ಜನರ ಇಪ್ಪತ್ತು ಧರ್ಮಗುರುಗಳು ಶರ್ಮನ್ನನನ್ನು ಕಂಡರು. ಸಾವಿರ ಡಾಲರು ತೆತ್ತು ತನ್ನನ್ನೂ ತನ್ನ ಹೆಂಡತಿಯನ್ನೂ ಬಿಡಿಸಿಕೊಂಡಿದ್ದ 67 ವರ್ಷದ ಗ್ಯಾರಿಸನ್ ಫ್ರೇಜಿಯರ್ ಎಲ್ಲರ ಪರವಾಗಿ ಮಾತನಾಡಿ, ತಮಗೆ ಬೇಕಾದದ್ದು ದುಡಿದು ಉಣ್ಣಲು ಭೂಮಿಯೆಂದನು. ನಾಲ್ಕು ದಿನಗಳಲ್ಲಿ, ಕುಟುಂಬಕ್ಕೆ ನಲವತ್ತು ಎಕರೆ ಮೀರದಂತೆ ಕರಾವಳಿಯ ಭೂಮಿಯನ್ನು ಹಂಚುವ ಆಜ್ಞೆ ಹೊರಟಿತು. ಅದೇ ವರ್ಷ ಹೊಸ ಅಧ್ಯಕ್ಷ ಆಂಡ್ರೂ ಜಾನ್ಸನ್ ಅದನ್ನು ತಿರುಗಿಸಿ ಭೂಮಿಯನ್ನು ಹಳೆಯ ಒಡೆಯರಿಗೇ ಒಪ್ಪಿಸಿದನು.

ಮುಂದಿನ ಚೌಕದಲ್ಲಿ ಓಗಲ್‌ಥಾರ್ಪನ ಪ್ರತಿಮೆ. ಅವನ ಕಾಲದಲ್ಲಿ, 1735ರಲ್ಲಿ, ಈ ವಸಾಹತಿನಲ್ಲಿ ಗುಲಾಮಗಿರಿಗೆ ನಿಷೇಧವಿತ್ತು. 1751ರಿಂದ ಅದಕ್ಕೆ ಬಾಗಿಲು ತೆರೆಯಿತು. ಒಳ್ಳೆಯ ಕಟ್ಟಳೆಯ ಆಯುಷ್ಯ ಹದಿನಾರೇ ವರ್ಷ!

ಬಂಡೆಯ ಮುಂದೆ

ರೈಟ್ ಚೌಕ ಸೇರಿದಾಗ ಸಂಜೆಯಾಗಿತ್ತು. ರೈಲುಮಾರ್ಗವನ್ನು ಕಟ್ಟಿಸಿದ ವಿಲಿಯಂ ಗಾರ್ಡನ್ನನ ಭವ್ಯ ಸ್ಮಾರಕ ನಡುವೆ ನಿಂತಿದೆ. ಬೆಳಿಗ್ಗೆ ಬಂಡಿಯಿಂದ ನಮಗೆ ಕಂಡದ್ದು ಅದಷ್ಟೆ. ಈಗ ಮೂಲೆಯಲ್ಲೊಂದು ಒರಟು ಕಲ್ಲುಬಂಡೆ ಕಾಣಿಸಿತು. ಅದು ಟೊಮೊಚಿಚಿಯ ನೆನಪಿನ ಬಂಡೆ.

ಓಗಲ್‌ಥಾರ್ಪ್ ಬಂದಾಗ ಆ ದಂಡೆ ಯಮಕ್ರಾ ಎಂಬ ಮೂಲನಿವಾಸಿಗಳದಾಗಿತ್ತು. ಅವರ ನಾಯಕ ವೃದ್ಧ ಟೊಮೊಚಿಚಿ. ಅವನು ಬಂದವರೊಡನೆ ಕಾದಾಡದೆ ಸ್ನೇಹ ಬೆಳೆಸಿ ನೆಲೆಯೂರಲು ಎಡೆಗೊಟ್ಟನು. 1734ರಲ್ಲಿ ಓಗಲ್‌ಥಾರ್ಪನೊಡನೆ ಇಂಗ್ಲೆಂಡಿಗೂ ಹೋಗಿ ದೊರೆಯನ್ನು ಕಂಡುಬಂದನು. 1739ರಲ್ಲಿ ಅವನು ತೀರಿಕೊಂಡಾಗ ಶವಕ್ಕೆ ಓಗಲ್‌ಥಾರ್ಪನೇ ಹೆಗಲು ಕೊಟ್ಟು, ಈ ಚೌಕದ ನಡುವೆ ಗೌರವದಿಂದ ಹೂಳಿಸಿದನು. ಆದರೆ 1883ರಲ್ಲಿ ಅದೇ ಸ್ಥಳದಲ್ಲಿ ಗಾರ್ಡನ್ನನ ಸ್ಮಾರಕ ಎದ್ದಿತು. ಇದನ್ನು ಸಹಿಸದೆ ಹದಿನಾರು ವರ್ಷಗಳ ಮೇಲೆ, 1899ರಲ್ಲಿ, ಈ ಬಂಡೆಯನ್ನು ನಿಲ್ಲಿಸಿದ ಮಹಿಳಾ ಸಂಘಕ್ಕೆ ಮುಂದಾಳಾಗಿದ್ದವಳು ಗಾರ್ಡನ್ನನ ಸ್ವಂತ ಸೊಸೆ. ಮಾವನ ಸ್ಮಾರಕದ ಮುಂದೆಯೇ ಮಾವನ ಊರಿನ ತಪ್ಪನ್ನು ಒಪ್ಪಿಕೊಂಡಂತಾಯಿತು.

ಎಲ್ಲವನ್ನೂ ಕೇಳಿಸಿಕೊಂಡ ಹುಡುಗಿ ಬಂಡೆಯ ಮೇಲೆ ಕೈಯಿಟ್ಟು ಕೇಳಿದಳು: “ಮಾಮಾ, ಜಾಗಾ ಕೊಟ್ಟ ಅಜ್ಜಗ ಮಲಗಲಿಕ್ಕೂ ಜಾಗಾ ಬಿಡಲಿಲ್ಲೇನು? ನಮ್ಮೂರಾಗೂ ಹಿಂಗ ಮಾಡ್ತಾರೇನು?”

ಪರರಾಷ್ಟ್ರದ ಪಾಪಗಳನ್ನು ಪಟ್ಟಿಮಾಡುತ್ತ ಬಂದ ಅಧ್ಯಾಪಕನ ನಾಲಗೆ ಅಲ್ಲಿ ತಡವರಿಸಿತು. ನಮ್ಮ ತಾಯಿಯ ತವರೂರಿನಲ್ಲಿ ಅಜ್ಜನ ಮನೆಯ ಹಿತ್ತಿಲ ಬಾಗಿಲಿಗೆ ಮೆಟ್ಟಿಲಾಗಿದ್ದ ಕಲ್ಲೊಂದು ನೆನಪಾಯಿತು. ಅದರ ಮೇಲೆ ಕಾಲಿಟ್ಟು ಓಡಾಡುತ್ತಲೇ ನಾನು ದೊಡ್ಡವನಾದೆ. ಎಂ.ಎ. ಓದುವಾಗ ಒಮ್ಮೆ ಹೋಗಿ ಬಗ್ಗಿ ನೋಡಿದರೆ ಅದರ ಅಂಚಿನಲ್ಲಿ ಸವೆದ ಬಿಲ್ಲುಗಾರ, ಮೇಲೆ ಅಪ್ಸರೆಯರು: ಯಾವನೋ ದನಗಳನ್ನು ಬಿಡಿಸಲು ಹೋಗಿ ಮಡಿದವನ ವೀರಗಲ್ಲು. ಅಕ್ಷರಗಳು ಅಳಿಸಿಹೋಗಿದ್ದವು, ಅಳಿಸಿದ ಕಾಲುಗಳಲ್ಲಿ ನನ್ನವೂ ಎರಡು. ಟಿಪ್ಪಣಿ ಬರೆದುಕೊಂಡು ಬಂದೆನೇ ಹೊರತು ಕಲ್ಲನ್ನು ಎತ್ತಿ ನಿಲ್ಲಿಸಲಿಲ್ಲ.

“ಹೌದವ್ವಾ, ಮಾಡ್ತಾರ. ನಾನೂ ಮಾಡೇನಿ” ಎಂದೆ. ಕಲ್ಲಿನ ಕಥೆಯನ್ನು ಹೇಳಿದೆ. ಅಕ್ಕ ಬೆಂಚಿನ ಮೇಲೆ ಮೊಣಕಾಲು ಒತ್ತಿಕೊಳ್ಳುತ್ತ ಕೇಳಿಸಿಕೊಂಡಳು. “ಆ ಕಲ್ಲಿನ ಮ್ಯಾಲೆ ನಾನೂ ಹಪ್ಪಳ ಒಣಹಾಕೇನಿ” ಎಂದಳು ಮೆಲ್ಲಗೆ.

ರಜೆ ಮುಗಿಯುವ ಮುನ್ನ ಊರಿಗೆ ಮರಳಿದೆ. ಮೊದಲ ರವಿವಾರವೇ ಹಳ್ಳಿಗೆ ಹೋಗಿ, ಈಗ ಆ ಮನೆಯಲ್ಲಿರುವವರನ್ನು ಒಪ್ಪಿಸಿ, ನಾಲ್ಕಾಳುಗಳಿಂದ ಆ ಕಲ್ಲನ್ನು ಎಬ್ಬಿಸಿ ಹನುಮಪ್ಪನ ಗುಡಿಯ ಗೋಡೆಗೆ ಆನಿಸಿ ನಿಲ್ಲಿಸಿದ್ದಾಯಿತು. ಹಿತ್ತಿಲ ಬಾಗಿಲಿಗೆ ಬೇರೊಂದು ಹಾಸುಗಲ್ಲನ್ನು ಕೊಡಿಸಿದೆ. ನಿಂತ ಕಲ್ಲಿನ ಚಿತ್ರವನ್ನು ಅಟ್ಲಾಂಟಾಕ್ಕೆ ಕಳುಹಿಸಿದ್ದೇನೆ.

ಸವಾನಾಕ್ಕೆ ಹೋಗುವವರು ಟ್ರಾಲಿಯನ್ನು ಅವಶ್ಯವಾಗಿ ಹತ್ತಲಿ. ಮೊಣಕಾಲು ನೋವಿನವರಿಗೂ ಮಕ್ಕಳೊಂದಿಗರಿಗೂ ಅದಕ್ಕಿಂತ ಸುಖವಾದ ವಾಹನವಿಲ್ಲ. ಕೊನೆಯ ಬಂಡಿ ಯಾವ ಹೊತ್ತಿಗೆಂದು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಲಿ. ಆದರೆ ರೈಟ್ ಚೌಕದಲ್ಲಿ ಮಾತ್ರ ಇಳಿಯಲಿ. ನಡುವಿನ ಸ್ಮಾರಕವನ್ನು ನೋಡಿದ ಮೇಲೆ ಮೂಲೆಯ ಬಂಡೆಯ ಬಳಿಗೂ ನಾಲ್ಕು ಹೆಜ್ಜೆ ನಡೆದು ಬರಲಿ.