ಟಿಪ್ಪಣಿಗೂ ಕೆಲಸಕ್ಕೂ ಒಂದೇ ಕಡತ

ಓದಿದ್ದನ್ನು, ಕೇಳಿದ್ದನ್ನು ಬರೆದಿಡುವ ಅಭ್ಯಾಸ ಅನೇಕರಿಗಿದೆ. ಮಾಡಬೇಕಾದ ಕೆಲಸಗಳನ್ನು ಪಟ್ಟಿ ಮಾಡಿಕೊಳ್ಳುವ ಅಭ್ಯಾಸವೂ ಅನೇಕರಿಗಿದೆ. ಆದರೆ ಇವೆರಡನ್ನೂ ಒಂದೇ ಕಡೆ ಇಟ್ಟುಕೊಳ್ಳುವವರು ವಿರಳ. ಆಸ್ತಿ ತೆರಿಗೆಯ ರಸೀದಿ ಸಂಖ್ಯೆ ಹಳೆಯ ಡೈರಿಯಲ್ಲಿ, ಕಚೇರಿಯ ದೂರವಾಣಿ ಸಂಖ್ಯೆ ಕ್ಯಾಲೆಂಡರಿನ ಹಿಂಬದಿಯಲ್ಲಿ, ತೆರಿಗೆ ಕಟ್ಟಬೇಕೆಂಬ ಜ್ಞಾಪನೆ ಮೊಬೈಲಿನಲ್ಲಿ, ಕಳೆದ ಸಲ ಗುಮಾಸ್ತರು ಏನು ಹೇಳಿದ್ದರೆಂಬುದು ಯಜಮಾನರ ತಲೆಯಲ್ಲಿ! ಕೆಲಸದ ದಿನ ಬಂದಾಗ ಮಾಹಿತಿ ಸಿಗುವುದಿಲ್ಲ. ಮಾಹಿತಿ ಕಣ್ಣಿಗೆ ಬಿದ್ದಾಗ ದಿನ ಮೀರಿರುತ್ತದೆ.

ಇದಕ್ಕೆ ಪರಿಹಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ‘ಕಡತ’ ಎಂಬ ಪದವನ್ನೇ ಗಮನಿಸಿ. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆಗಳಾಗಿ ಮಡಚಿದ ಕಪ್ಪು ಪುಸ್ತಕವೇ ಮೂಲದಲ್ಲಿ ಕಡತ. ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು; ಬೇಡವಾದುದನ್ನು ಅಳಿಸಿ ಮತ್ತೆ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಇಂದಿಗೂ ಉಳಿದಿವೆ. ಸರ್ಕಾರಿ ಕಚೇರಿಯ ‘ಫೈಲ್’ಗೆ ಕನ್ನಡದಲ್ಲಿ ಇದೇ ಹೆಸರು ನಿಂತದ್ದು ಉಚಿತವೇ ಆಗಿದೆ.

ಮೂರು ದಶಕಗಳಿಗೂ ಹೆಚ್ಚು ಕಾಲ ಈ ಕಡತಗಳ ನಡುವೆಯೇ ಕಳೆದವನಾಗಿ ಹೇಳುವುದಾದರೆ, ಅವುಗಳ ರಚನೆಯಲ್ಲಿ ಒಂದು ವಿವೇಕವಿದೆ. ಪ್ರತಿ ಕಡತದಲ್ಲೂ ಎರಡು ಭಾಗ: ಬಂದ ಮತ್ತು ಹೋದ ಪತ್ರಗಳ ಪತ್ರವ್ಯವಹಾರ ಭಾಗ ಒಂದು, ವಿಷಯವೇನು, ನಿಯಮವೇನು, ಮುಂದೇನು ಮಾಡಬೇಕೆಂದು ಚರ್ಚಿಸುವ ಟಿಪ್ಪಣಿ ಭಾಗ ಇನ್ನೊಂದು. ಟಿಪ್ಪಣಿಯ ಕೊನೆಯಲ್ಲಿ ಆದೇಶವಿರಬೇಕು. ಆದೇಶ ನೀಡುವ ಹಂತ ಇನ್ನೂ ಬಂದಿಲ್ಲವಾದರೆ ‘ಇಂಥ ದಿನಾಂಕದಂದು ಪುನಃ ಮಂಡಿಸುವುದು’ ಎಂಬ ಸೂಚನೆಯಾದರೂ ಇರಬೇಕು. ಅಧಿಕಾರಿ ವರ್ಗವಾದರೂ ನಂತರ ಬಂದವರು ಕಡತ ಬಿಡಿಸಿದೊಡನೆ ನಡೆದದ್ದು, ನಡೆಯಬೇಕಾದದ್ದು ಎರಡೂ ಒಟ್ಟಿಗೆ ಕಾಣುತ್ತವೆ.

ಹಾಗಾದರೆ ಸರ್ಕಾರಿ ಕೆಲಸ ನಿಧಾನವೇಕೆ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಟಿಪ್ಪಣಿ ಬೆಳೆಯುತ್ತಾ ಹೋಗಿ ದಿನಾಂಕ ಮರೆಯಾದಾಗ ಕಡತವು ಕೆಲಸದ ಸಾಧನವಾಗದೆ ಕೆಲಸದ ಸಮಾಧಿಯಾಗುತ್ತದೆ. 2011ರ ಅಧಿನಿಯಮದಡಿ ‘ಸಕಾಲ’ ವ್ಯವಸ್ಥೆ ಬಂದಾಗ ಅದು ಮಾಡಿದ್ದು ಇಷ್ಟೇ: ಪ್ರತಿ ಅರ್ಜಿಗೆ ಒಂದು ಸಂಖ್ಯೆ, ಪ್ರತಿ ಸೇವೆಗೆ ಒಂದು ಗಡುವು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ದಿನಾಂಕವಿಲ್ಲದ ಟಿಪ್ಪಣಿ ಸದಾಶಯ ಮಾತ್ರ ಎಂಬುದೇ ಇದರ ಪಾಠ.

ಅರ್ಥಶಾಸ್ತ್ರದ ದೃಷ್ಟಿಯಿಂದಲೂ ಇದನ್ನು ನೋಡಬಹುದು. ಮಾಹಿತಿ ಹೇರಳವಾದಷ್ಟೂ ಗಮನ ದುರ್ಲಭವಾಗುತ್ತದೆ ಎಂದು ಹರ್ಬರ್ಟ್ ಸೈಮನ್ 1971ರಲ್ಲಿಯೇ ಪ್ರತಿಪಾದಿಸಿದ್ದರು. 1978ರ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಅವರಿಗೆ ಸಂದಿತು. ಗಮನವೇ ವಿರಳ ಸಂಪನ್ಮೂಲವೆಂದಾದರೆ, ನಾಲ್ಕು ಕಡೆ ಹುಡುಕುತ್ತಾ ಅದನ್ನು ವ್ಯಯಿಸುವುದು ಶುದ್ಧ ನಷ್ಟ. ಮುಗಿಯದ ಕೆಲಸ ಮನಸ್ಸನ್ನು ಕಾಡುತ್ತದೆ. ಆದರೆ ಅದನ್ನು ಯಾವಾಗ, ಹೇಗೆ ಮಾಡುವೆವೆಂದು ಖಚಿತವಾಗಿ ಯೋಜಿಸಿಕೊಂಡರೆ ಆ ಕಾಟ ತಗ್ಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಮಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು ಸೂಚಿಸಿವೆ.

ಗಣಕಯಂತ್ರದ ಲೋಕವೂ ಇದೇ ತೀರ್ಮಾನಕ್ಕೆ ಬಂದಿದೆ. ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ತಮ್ಮದೇ ಉಪಯೋಗಕ್ಕೆಂದು ರೂಪಿಸಿದ ‘ಆರ್ಗ್ ಮೋಡ್’ ತಂತ್ರಾಂಶದಲ್ಲಿ ಟಿಪ್ಪಣಿಯ ಶೀರ್ಷಿಕೆಯೇ ದಿನಾಂಕಸಹಿತವಾದ ಕೆಲಸವಾಗಬಲ್ಲದು. ಎಲ್ಲ ಟಿಪ್ಪಣಿಗಳಿಂದ ದಿನಾಂಕಗಳನ್ನು ಆಯ್ದು ತಂತ್ರಾಂಶವೇ ಕಾರ್ಯಸೂಚಿ ಸಿದ್ಧಪಡಿಸುತ್ತದೆ. 2013ರಲ್ಲಿ ರೈಡರ್ ಕ್ಯಾರಲ್ ಪ್ರಚುರಪಡಿಸಿದ ‘ಬುಲೆಟ್ ಜರ್ನಲ್’ಗೆ ಬೇಕಾದದ್ದು ಪುಸ್ತಕ ಮತ್ತು ಲೇಖನಿ ಮಾತ್ರ. ಅಲ್ಲಿ ಚುಕ್ಕೆಯೆಂದರೆ ಕೆಲಸ, ಅಡ್ಡಗೆರೆಯೆಂದರೆ ಟಿಪ್ಪಣಿ. ಉಳಿದ ಕೆಲಸವನ್ನು ಮುಂದಿನ ತಿಂಗಳಿಗೆ ಕೈಯಾರೆ ಬರೆದುಕೊಳ್ಳಬೇಕು. ಮತ್ತೆ ಬರೆಯುವಷ್ಟು ಯೋಗ್ಯವಲ್ಲದ್ದನ್ನು ಕೈಬಿಡಬಹುದು.

ಮನೆಗೆ ಒಂದು ದಪ್ಪ ನೋಟ್ ಪುಸ್ತಕ ಸಾಕು. ವಿಷಯಕ್ಕೊಂದು ಪುಟ ಮೀಸಲಿಡಿ: ಖಾತೆ ಬದಲಾವಣೆ, ವಿಮೆ, ಪಿಂಚಣಿ, ವೈದ್ಯಕೀಯ ತಪಾಸಣೆ. ಎಡಕ್ಕೆ ಟಿಪ್ಪಣಿ, ಅಂದರೆ ಯಾರನ್ನು ಕಂಡದ್ದು, ಏನು ಹೇಳಿದರು, ಅರ್ಜಿ ಸಂಖ್ಯೆ ಯಾವುದು. ಬಲಕ್ಕೆ ಮುಂದಿನ ಒಂದೇ ಹೆಜ್ಜೆ ಮತ್ತು ಅದರ ದಿನಾಂಕ. ಮೊದಲ ಪುಟಗಳಲ್ಲಿ ತಿಂಗಳುವಾರು ದಿನಾಂಕಗಳ ಸೂಚಿ ಇರಲಿ. ಕೇಂದ್ರ ಸರ್ಕಾರದ ಪಿಂಚಣಿದಾರರಾದರೆ ನವೆಂಬರಿನ ಸಾಲಿನಲ್ಲಿ ಜೀವಿತ ಪ್ರಮಾಣಪತ್ರವೆಂದೂ ಅದರ ಮುಂದೆ ಪಿಂಚಣಿಯ ಪುಟಸಂಖ್ಯೆಯನ್ನೂ ಬರೆದರಾಯಿತು. ವಾರಕ್ಕೊಮ್ಮೆ ಅರ್ಧ ಗಂಟೆ ಕುಳಿತು ಸೂಚಿಯನ್ನು ಪರಿಶೀಲಿಸಿ. ಈ ಪರಿಶೀಲನೆಯಿಲ್ಲದೆ ಯಾವ ವ್ಯವಸ್ಥೆಯೂ ನಿಲ್ಲದು. ಮೊಬೈಲು ಬಳಸುವವರು ಇದನ್ನೇ ಅದರಲ್ಲಿ ಮಾಡಲಿ. ಒಂದು ಎಚ್ಚರಿಕೆ: ಬ್ಯಾಂಕಿನ ರಹಸ್ಯ ಸಂಖ್ಯೆಗಳಿಗೆ ಈ ಪುಸ್ತಕದಲ್ಲಿ ಸ್ಥಾನವಿಲ್ಲ.

ಇದು ಕೇವಲ ಅಚ್ಚುಕಟ್ಟುತನದ ಮಾತಲ್ಲ. 2023ರ ಮಾರ್ಚ್ ಅಂತ್ಯಕ್ಕೆ ದೇಶದ ಬ್ಯಾಂಕುಗಳಲ್ಲಿ ವಾರಸುದಾರರು ಕೇಳದೆ ಉಳಿದ ಠೇವಣಿಗಳ ಮೊತ್ತ 42 ಸಾವಿರ ಕೋಟಿ ರೂಪಾಯಿ ದಾಟಿತ್ತು. ಅವುಗಳನ್ನು ಹುಡುಕಲು ನೆರವಾಗಲೆಂದೇ ರಿಸರ್ವ್ ಬ್ಯಾಂಕ್ ಅದೇ ವರ್ಷ ‘ಉದ್ಗಮ್’ ಜಾಲತಾಣವನ್ನು ತೆರೆಯಬೇಕಾಯಿತು. ಕುಟುಂಬದ ವ್ಯವಹಾರವೆಲ್ಲ ಒಬ್ಬರ ನೆನಪಿನಲ್ಲಷ್ಟೇ ಇದ್ದು, ಆ ಒಬ್ಬರು ಇಲ್ಲವಾದಾಗ ಹಣ ಎಲ್ಲಿದೆಯೆಂದು ಉಳಿದವರಿಗೆ ತಿಳಿಯದೆ ಹೋಗುತ್ತದೆ. ದುಃಖದ ನಡುವೆ ಪತ್ನಿಯೋ ಮಗಳೋ ಬೀರುಗಳನ್ನು ತಡಕಾಡುವಂತಾಗುತ್ತದೆ.

ಸರ್ಕಾರಿ ಕಡತವನ್ನು ರೂಪಿಸಿದವರಿಗೆ ಒಂದು ಸತ್ಯ ತಿಳಿದಿತ್ತು: ಕುರ್ಚಿಯಲ್ಲಿ ಕುಳಿತವರು ಬದಲಾಗುತ್ತಾರೆ, ಕೆಲಸ ಉಳಿಯುತ್ತದೆ. ಮನೆಯ ಮಟ್ಟಿಗೂ ಇದು ನಿಜವೇ. ಆದ್ದರಿಂದ ನಮ್ಮ ಪುಸ್ತಕವನ್ನು ನಮಗೆ ಮಾತ್ರವಲ್ಲ, ನಮ್ಮ ನಂತರ ಅದನ್ನು ತೆರೆಯುವವರಿಗೂ ಅರ್ಥವಾಗುವಂತೆ ಬರೆಯೋಣ; ಅದು ಎಲ್ಲಿದೆಯೆಂಬುದನ್ನು ಮನೆಯಲ್ಲಿ ಇನ್ನೊಬ್ಬರಿಗಾದರೂ ಇಂದೇ ತಿಳಿಸೋಣ.