‘ನಮ್ಮ ಮ್ಯಾಲ ಕೇಸ್ ಹಾಕ್ಲಾಕ ಬಂದೀರೇನ್ರಿ?’

ಯಾದಗಿರಿ ಕಡೆಯ ಒಂದು ಹಳ್ಳಿ. ಹೊತ್ತು ಇಳಿದಿದೆ. ತಗಡಿನ ಬಾಗಿಲ ಮುಂದೆ ಹೆಗಲಿಗೆ ಚೀಲ ಹಾಕಿಕೊಂಡ ಯುವತಿಯೊಬ್ಬಳು ನಿಂತಿದ್ದಾಳೆ. ತಾನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಬಂದವಳು ಎಂದು ಹೇಳಿ ಮುಗಿಸುವಷ್ಟರಲ್ಲಿ ಒಳಗಿನಿಂದ ಮುದುಕಿಯ ದನಿ: ‘ಯಾಕ್ರಿ ಅಕ್ಕಾರ, ನಮ್ಮ ಮ್ಯಾಲ ಕೇಸ್ ಹಾಕ್ಲಾಕ ಬಂದೀರೇನ್ರಿ?’

ಮುದುಕಿಯ ತಪ್ಪಿಲ್ಲ. ಕೇಸು ಎಂದರೆ ನಮ್ಮಲ್ಲಿ ಪೊಲೀಸು, ಇಲ್ಲವೇ ಕೋರ್ಟು. ಆದರೆ ಸಮಾಜಕಾರ್ಯದಲ್ಲಿ ಆ ಮಾತಿಗೆ ವೈದ್ಯರು ಬಳಸುವ ಅರ್ಥವೇ ಹತ್ತಿರ. ಒಂದು ಮನೆಯ ತೊಂದರೆಯನ್ನು ಕೂತು ಕೇಳಿ, ಮೂಲ ಹುಡುಕಿ, ಆ ಮನೆಗೆ ಹೊಂದುವ ದಾರಿ ಕಾಣಿಸುವುದು ಇಲ್ಲಿನ ‘ಕೇಸ್ ವರ್ಕ್’. ಅಮೆರಿಕದ ಮೇರಿ ರಿಚ್‌ಮಂಡ್ 1917ರಲ್ಲೇ ಈ ಕೆಲಸಕ್ಕೊಂದು ಶಾಸ್ತ್ರೀಯ ಚೌಕಟ್ಟು ಹಾಕಿಕೊಟ್ಟ ಪುಸ್ತಕ ಬರೆದರು. ತಗಡಿನ ಬಾಗಿಲ ಹಿಂದೆ ಕೂತ ಅಜ್ಜಿಗೆ ಇದನ್ನೆಲ್ಲ ವಿವರಿಸುವುದು ಹೇಗೆ? ವಿವರಿಸುವುದಿಲ್ಲ. ‘ನೀರು ಕೊಡ್ರಿ ಅಮ್ಮ’ ಎಂದು ಕೇಳಿ ಕಟ್ಟೆಯ ಮೇಲೆ ಕೂರುತ್ತಾರೆ. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ, ಇಂಥ ಹಲವು ಮನೆಗಳನ್ನು ಕೂಡಿಸಿದ ಚಿತ್ರ. ಮಗುವಿನ ಗುರುತು ಸಿಗುವಂತೆ ಬರೆಯುವುದನ್ನು ಬಾಲ ನ್ಯಾಯ ಕಾಯ್ದೆಯೇ ತಡೆದಿದೆ.

ಸುದ್ದಿ ಬರುವುದು ಹೆಚ್ಚಾಗಿ ಶಾಲೆಯಿಂದ, ಅಂಗನವಾಡಿಯಿಂದ, ಇಲ್ಲವೇ 1098 ಸಹಾಯವಾಣಿಯಿಂದ. ಈ ಸಹಾಯವಾಣಿ 1996ರಲ್ಲಿ ಮುಂಬೈಯಲ್ಲಿ ಆರಂಭವಾಯಿತು. ವರ್ಷಗಟ್ಟಲೆ ಸ್ವಯಂಸೇವಾ ಸಂಸ್ಥೆಗಳು ನಡೆಸಿದ ಈ ಸೇವೆ 2023ರ ಹೊತ್ತಿಗೆ ಸರ್ಕಾರದ ಕೈಗೆ ಬಂದಿದೆ. ಇಲ್ಲಿ ದೂರು ಇಷ್ಟೇ: ಎಂಟನೇ ತರಗತಿಯ ಹುಡುಗಿ ಎರಡು ತಿಂಗಳಿಂದ ಶಾಲೆಗೆ ಬಂದಿಲ್ಲ.

ಕಾರ್ಯಕರ್ತೆ ಮೊದಲ ದಿನ ಹುಡುಗಿಯ ಬಗ್ಗೆ ಕೇಳುವುದೇ ಇಲ್ಲ. ಒಲೆ ಹೊತ್ತಿದೆಯೇ, ಸಣ್ಣ ಮಗು ಯಾರ ಕಂಕುಳಲ್ಲಿದೆ, ಮುದುಕಿಯ ಕಣ್ಣು ಎಷ್ಟು ಕಾಣುತ್ತದೆ, ಎಲ್ಲವನ್ನೂ ನೋಡುತ್ತಾಳೆ. ಮಾತು ತಾನಾಗಿ ಬರುತ್ತದೆ. ಗುಳೆ ಹೋದ ಗಂಡ ಬೆಂಗಳೂರಿನ ಕಟ್ಟಡವೊಂದರಿಂದ ಬಿದ್ದು ಸತ್ತಿದ್ದಾನೆ. ಮೇಸ್ತ್ರಿಯಿಂದ ಅವನು ಪಡೆದ ಮುಂಗಡ ತೀರಿಸಲು ಹೆಂಡತಿ ಈಗ ಅದೇ ಊರಲ್ಲಿ ಸಿಮೆಂಟು ಹೊರುತ್ತಿದ್ದಾಳೆ. ಮೂರೂವರೆ ವರ್ಷದ ತಮ್ಮನನ್ನು ನೋಡಿಕೊಳ್ಳಲು ಹುಡುಗಿ ಮನೆಯಲ್ಲಿ ಉಳಿದಿದ್ದಾಳೆ. ಹತ್ತಿ ಬಿಡಿಸುವ ಕಾಲ ಬಂದರೆ ಕೂಲಿಗೂ ಹೋಗುತ್ತಾಳೆ. ಕಡೆಯಲ್ಲಿ ಮುದುಕಿ ದನಿ ತಗ್ಗಿಸಿ ಹೇಳುತ್ತಾಳೆ: ‘ಬೀಗರು ಬಂದು ನೋಡಿ ಹೋಗ್ಯಾರ್ರಿ.’

ಈಗೇನು ಮಾಡಬೇಕು? ಮಗುವನ್ನು ಕರೆದೊಯ್ದು ಬಾಲಮಂದಿರಕ್ಕೆ ಸೇರಿಸಿದರೆ ಮುಗಿಯಿತಲ್ಲ ಎನ್ನುವವರು ಬಹಳ. 2015ರ ಬಾಲ ನ್ಯಾಯ ಕಾಯ್ದೆ ಬೇರೆಯೇ ಹೇಳುತ್ತದೆ. ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಮಾರ್ಗ. ಹಾಗೆ ಕರೆತಂದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಮನೆಯ ಸ್ಥಿತಿಯ ಸಾಮಾಜಿಕ ತನಿಖೆ 15 ದಿನದಲ್ಲಿ ಮುಗಿಯಬೇಕು. ಮಗು ಎಲ್ಲಿರಬೇಕು ಎಂದು ಸಮಿತಿ ತೀರ್ಮಾನಿಸುವಾಗ ಮುಂದೆ ಇರುವುದು ಆ ತನಿಖೆಯ ವರದಿ. ಅವಸರದಲ್ಲಿ ಬರೆದ ಒಂದು ಸಾಲು ತಾಯಿ ಮಕ್ಕಳನ್ನು ವರ್ಷಗಟ್ಟಲೆ ಅಗಲಿಸಬಹುದು. ಅಲಕ್ಷ್ಯದಿಂದ ಬಿಟ್ಟ ಒಂದು ಸಾಲು ಹದಿಮೂರರ ಹುಡುಗಿಯನ್ನು ಹಸೆಮಣೆಗೆ ತಳ್ಳಬಹುದು.

ಆದ್ದರಿಂದ ಮನೆಯನ್ನೇ ನಿಲ್ಲಿಸುವ ಕೆಲಸ ಶುರುವಾಗುತ್ತದೆ. ತಮ್ಮನಿಗೆ ಅಂಗನವಾಡಿ. ತಾಯಿಗೆ ವಿಧವಾ ವೇತನ. ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಇದಕ್ಕೆ ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಕೇಳಲು ಸುಲಭ. ಆದರೆ ಗಂಡನ ಮರಣ ಪ್ರಮಾಣಪತ್ರ ಎಲ್ಲಿ? ಸಾವು ಸಂಭವಿಸಿದ ಊರಲ್ಲೇ ಅದು ನೋಂದಣಿಯಾಗಬೇಕು. ಸತ್ತದ್ದು ಬೆಂಗಳೂರಿನಲ್ಲಿ, ಹೆಣ ತಂದು ಮಣ್ಣು ಮಾಡಿದ್ದು ಹಳ್ಳಿಯಲ್ಲಿ. ಯಾವ ಆಸ್ಪತ್ರೆ, ಯಾವ ಠಾಣೆ ಎಂಬುದು ಹೆಂಡತಿಗೂ ಸರಿಯಾಗಿ ನೆನಪಿಲ್ಲ. ಆ ಒಂದು ಕಾಗದದ ಹಿಂದೆ ಕಾರ್ಯಕರ್ತೆಯ ತಿಂಗಳುಗಳೇ ಕಳೆಯುತ್ತವೆ. ಈ ವೃತ್ತಿಯಲ್ಲಿ ಕಣ್ಣೀರು ಒರೆಸುವುದಕ್ಕಿಂತ ಜೆರಾಕ್ಸ್ ಮಾಡಿಸುವುದೇ ಹೆಚ್ಚು ಎಂದರೆ ತಪ್ಪಾಗಲಾರದು.

ಮದುವೆಯ ಮಾತು ಬೇರೆ. ಅಲ್ಲಿ ಕಾಯಲು ಸಮಯವಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಶಿಕ್ಷೆ ಗಂಡಿನ ಕಡೆಯವರಿಗಷ್ಟೇ ಅಲ್ಲ, ಮದುವೆ ಮಾಡಿಕೊಟ್ಟವರಿಗೂ ತಾಗುತ್ತದೆ ಎಂಬುದನ್ನು ಅಜ್ಜಿಗೆ ಹೆದರಿಸದೆ ಹೇಳಬೇಕು. ಹೆದರಿಸಿದರೆ ಮದುವೆ ನಿಲ್ಲುವುದಿಲ್ಲ, ಬೇರೆ ಊರಿಗೆ ಹೋಗುತ್ತದೆ, ಅಷ್ಟೇ.

ಎಲ್ಲ ಮನೆಯನ್ನೂ ಉಳಿಸಲು ಆಗುವುದಿಲ್ಲ, ಉಳಿಸಲೂಬಾರದು. ಮಗುವಿಗೆ ಅಪಾಯ ಮನೆಯೊಳಗಿನವರಿಂದಲೇ ಇದ್ದರೆ ಹೊರಗೆ ಕರೆತರಲೇಬೇಕು. ‘ಯಾರಿಗೂ ಹೇಳಬ್ಯಾಡ್ರಿ ಅಕ್ಕ’ ಎಂದು ಮಗು ಕೈ ಹಿಡಿದು ಕೇಳುವ ಗಳಿಗೆ ಬರುತ್ತದೆ. ‘ಹೇಳೋದಿಲ್ಲ’ ಎಂದು ಭಾಷೆ ಕೊಡುವಂತಿಲ್ಲ. ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದೂ ವರದಿ ಮಾಡದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಮಗುವಿನ ನಂಬಿಕೆ ಕೆಡಿಸದೆ ಸತ್ಯ ಹೇಳುವುದು ತರಬೇತಿಯಿಂದ ಬರುವ ವಿದ್ಯೆ, ಬರೀ ಮರುಕದಿಂದಲ್ಲ.

ಆ ತರಬೇತಿಗೆಂದೇ ಸಮಾಜಕಾರ್ಯ ಪದವಿ ಬಿಎಸ್‌ಡಬ್ಲ್ಯು, ಸ್ನಾತಕೋತ್ತರ ಪದವಿ ಎಂಎಸ್‌ಡಬ್ಲ್ಯು ಇವೆ. ಮುಂಬೈಯ ಟಾಟಾ ಸಂಸ್ಥೆ 1936ರಿಂದ, ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತ ಬಂದಿವೆ. ಮನಸ್ಸಿನ ಕಾಯಿಲೆಯ ಕುಟುಂಬಗಳೊಂದಿಗೆ ಕೆಲಸ ಮಾಡಬಯಸುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಪಾಠದಷ್ಟೇ ಮುಖ್ಯ ಕ್ಷೇತ್ರಕಾರ್ಯ. ಬಿಸಿಲಲ್ಲಿ ನಾಲ್ಕು ಮನೆ ತಿರುಗಿ, ಮೂರು ಮನೆಯಲ್ಲಿ ಬೈಸಿಕೊಂಡು ಬಂದ ಸಂಜೆಯೇ ಎಷ್ಟೋ ವಿದ್ಯಾರ್ಥಿಗಳು ಇದು ತಮಗೆ ಒಗ್ಗುತ್ತದೋ ಇಲ್ಲವೋ ಎಂದು ಅರಿತುಕೊಳ್ಳುತ್ತಾರೆ.

ಮಗಳು ಒಬ್ಬಳೇ ಹಳ್ಳಿ ಸುತ್ತಬೇಕೇ, ನೌಕರಿ ಕಾಯಮ್ಮೇ ಎಂದು ಪೋಷಕರು ಕೇಳುವುದು ಸಹಜ. ಮುಚ್ಚಿಡುವುದೇಕೆ? ಜಿಲ್ಲಾ ಘಟಕಗಳ ಹುದ್ದೆಗಳು ಹೆಚ್ಚಿನವು ಗುತ್ತಿಗೆಯವು. ಮಕ್ಕಳ ಭದ್ರತೆಯ ಹೊಣೆ ಹೊತ್ತವರಿಗೇ ನೌಕರಿಯ ಭದ್ರತೆ ಇಲ್ಲದಿರುವುದು ಈ ವ್ಯವಸ್ಥೆಯ ದೊಡ್ಡ ಕೊರತೆ. ಕಾರ್ಯಕರ್ತೆ ಕೆಲಸ ಬಿಟ್ಟರೆ ಮನೆಯವರು ಇನ್ನೊಬ್ಬರ ಮುಂದೆ ತಮ್ಮ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಬೇಕು.

ತಗಡಿನ ಬಾಗಿಲಿಗೆ ಐದನೇ ಭೇಟಿ. ಮರಣ ಪ್ರಮಾಣಪತ್ರ ಚೀಲದಲ್ಲಿದೆ. ತಾಯಿ ಊರಿಗೆ ಬಂದಿದ್ದಾಳೆ. ಹುಡುಗಿ ಸಮವಸ್ತ್ರದಲ್ಲೇ ತಮ್ಮನಿಗೆ ಉಣಿಸುತ್ತಿದ್ದಾಳೆ. ಬೀಗರು ಮತ್ತೆ ಬಂದಿದ್ದರಂತೆ. ‘ಹುಡುಗಿ ಹತ್ತನೇತ್ತ ಮುಗಿಸ್ಲಿ, ಆಮ್ಯಾಲ ನೋಡಮು ಅಂದೀನ್ರಿ’ ಎನ್ನುತ್ತಾಳೆ ಮುದುಕಿ. ಹತ್ತನೇತ್ತ ಮುಗಿದರೂ ಹದಿನೆಂಟು ತುಂಬಿರುವುದಿಲ್ಲ. ಕಾರ್ಯಕರ್ತೆ ಅದನ್ನು ಇವತ್ತು ಎತ್ತುವುದಿಲ್ಲ, ಡೈರಿಯಲ್ಲಿ ಬರೆದುಕೊಳ್ಳುತ್ತಾಳೆ. ‘ಅಕ್ಕಾರ, ಚಾ ಕುಡೀರಿ ಮೊದ್ಲ’ ಎಂದು ಮುದುಕಿ ಚಾಪೆ ಹಾಸುತ್ತಾಳೆ.