ಬೆಳಗಾವಿ–ಖಾನಾಪುರ ಪ್ರದೇಶದ ಗೃಹನಿರ್ಮಾಣ ದ್ರವ್ಯಗಳು: ಒಂದು ವಿವೇಚನೆ

ಬೆಳಗಾವಿ ನಗರದಲ್ಲಿ ಹೊಸದಾಗಿ ಮನೆ ಕಟ್ಟಬಯಸುವ ಗೃಹಸ್ಥನು ಮೊದಲು ವಿಚಾರಿಸುವುದು ವೆಚ್ಚವನ್ನು, ಅನಂತರ ಬಾಳಿಕೆಯನ್ನು. ತಾನು ಕಟ್ಟುವ ಮನೆಯಿಂದ ಸುತ್ತಣ ನೆಲ, ನೀರು, ಕಾಡುಗಳ ಮೇಲೆ ಬೀಳುವ ಭಾರವೆಷ್ಟು ಎಂಬ ಮೂರನೆಯ ಪ್ರಶ್ನೆಯೂ ಈಗ ಅವನ ಮುಂದಿದೆ. ಈ ಪ್ರಶ್ನೆಗೆ ಯಂತ್ರಶಾಸ್ತ್ರಜ್ಞರು ಉತ್ತರ ಹೇಳತಕ್ಕದ್ದು ನಿಜ. ಆದರೆ ಈ ಸೀಮೆಯ ಜನರು ಯಾವ ದ್ರವ್ಯಗಳಿಂದ, ಏತಕ್ಕಾಗಿ ಮನೆ ಕಟ್ಟಿಕೊಂಡು ಬಂದರೆಂಬುದು ಇತಿಹಾಸದ ವಿಷಯವೂ ಹೌದಾದುದರಿಂದ, ನಾವು ಇಲ್ಲಿ ಅದನ್ನು ಸಂಗ್ರಹವಾಗಿ ಪರಿಶೀಲಿಸಲು ಯತ್ನಿಸಿದ್ದೇವೆ.

ಮೊದಲು ಭೂಮಿಯ ಸ್ವರೂಪವನ್ನು ನೋಡಬೇಕು. ದಖ್ಖನ್ನಿನ ಕಪ್ಪುಶಿಲೆಯ ದಕ್ಷಿಣದ ಅಂಚು ಬೆಳಗಾವಿಯ ಸುತ್ತಮುತ್ತ ಬರುತ್ತದೆ. ಎತ್ತರದ ನೆಲಗಳಲ್ಲಿ ಆ ಶಿಲೆಯ ಮೇಲೆ ಜಂಬಿಟ್ಟಿಗೆಯ ಹೊದಿಕೆಯಿದೆ. ನಗರದಲ್ಲಿ ವರ್ಷಕ್ಕೆ 1,200 ಮಿಲಿಮೀಟರಿಗೂ ಮಿಕ್ಕ ಮಳೆ ಬೀಳುತ್ತದೆ. ಸುಮಾರು 26 ಕಿಲೋಮೀಟರು ದೂರದ ಖಾನಾಪುರವನ್ನು ದಾಟಿ ಜಾಂಬೋಟಿ, ಕಣಕುಂಬಿಗಳ ಕಡೆಗೆ ಹೋದಂತೆ ಮಳೆ ಬಲು ಹೆಚ್ಚುತ್ತದೆ. ಪೂರ್ವಕ್ಕೆ ಸವದತ್ತಿಯ ಕಡೆಗೆ ತಿರುಗಿದರೆ ಕಡಿಮೆಯಾಗುತ್ತದೆ. ಆದುದರಿಂದಲೇ ಪಶ್ಚಿಮದಲ್ಲಿ ಇಳಿಜಾರಿನ ಹಂಚಿನ ಮನೆಗಳೂ ಪೂರ್ವದ ಎರೆಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮನೆಗಳೂ ರೂಢಿಗೆ ಬಂದವು. ಒಂದೇ ಜಿಲ್ಲೆಯೊಳಗಿನ ಈ ಭೇದವು ಆಯಾ ಪ್ರದೇಶದ ಮಳೆಯನ್ನೂ ಮಣ್ಣನ್ನೂ ಅನುಸರಿಸಿ ಹುಟ್ಟಿದುದು.

ಜಂಬಿಟ್ಟಿಗೆ ಎಂಬ ಹೆಸರೇ ಈ ಕಲ್ಲಿನ ಗುಣವನ್ನು ಸೂಚಿಸುತ್ತದೆ. ನೆಲದೊಳಗಿರುವಾಗ ಇದು ಮೆದುವಾಗಿದ್ದು, ಇಟ್ಟಿಗೆಯಂತೆ ಕಡಿದು ತೆಗೆಯಲು ಬರುತ್ತದೆ; ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. 1800ರಲ್ಲಿ ದಕ್ಷಿಣದೇಶವನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ‘ಲ್ಯಾಟರೈಟ್’ ಎಂದು ಕರೆದನು. ‘ಲೇಟರ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ. ಆದರೆ ನಮ್ಮ ಜನರಿಗೆ ಇದರ ಪರಿಚಯ ಬುಕಾನನ್ನನಿಗಿಂತ ಬಹುಕಾಲ ಹಿಂದಿನದು. ಬೆಳಗಾವಿಯ ಕೋಟೆಯ ಅಗಲವಾದ ಕಂದಕವನ್ನು ಕೆಂಪಾದ ಮೆದುಗಲ್ಲಿನಲ್ಲಿಯೇ ತೋಡಲಾಗಿದೆ. ಅದೇ ಕೋಟೆಯೊಳಗೆ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿಯಾದ ಬೀಚಣನು 1204ರಲ್ಲಿ ಕಟ್ಟಿಸಿದ ಕಮಲಬಸದಿಯಲ್ಲಾದರೋ ಸೂಕ್ಷ್ಮವಾದ ಕೆತ್ತನೆಗೆ ಒಗ್ಗುವ ಬೇರೆ ಕಲ್ಲನ್ನು ಬಳಸಿದ್ದಾರೆ. ಯಾವ ಕೆಲಸಕ್ಕೆ ಯಾವ ಕಲ್ಲು ಎಂಬ ವಿವೇಕವು ಅಂದಿನವರಿಗೆ ಚೆನ್ನಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಪರಿಸರದ ದೃಷ್ಟಿಯಿಂದ ಜಂಬಿಟ್ಟಿಗೆಯ ಮುಖ್ಯ ಗುಣವೆಂದರೆ ಇದನ್ನು ಸುಡಬೇಕಾಗಿಲ್ಲ. ಸಿಮೆಂಟಿನ ಸ್ಥಿತಿ ಬೇರೆ. ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದರ ದ್ರವ್ಯಗಳನ್ನು ಬೇಯಿಸಬೇಕು. ಅಲ್ಲದೆ 100 ಟನ್ ಶುದ್ಧ ಸುಣ್ಣಕಲ್ಲು ಬೆಂದಾಗ ಉರುವಲಿನ ಹೊಗೆಯನ್ನು ಬಿಟ್ಟು ಕಲ್ಲಿನಿಂದಲೇ 44 ಟನ್ ಇಂಗಾಲಾಮ್ಲವಾಯು ಹೊರಬೀಳುತ್ತದೆ. ಸುಣ್ಣದ ಗಚ್ಚಿಗೆ ಸುಮಾರು 900 ಡಿಗ್ರಿ ಸಾಕು. ಗೋಡೆಯಲ್ಲಿ ಗಟ್ಟಿಯಾಗುವಾಗ ಅದು ಆ ವಾಯುವಿನ ಒಂದಂಶವನ್ನು ಮರಳಿ ಹೀರಿಕೊಳ್ಳುತ್ತದೆ. ಇಟ್ಟಂಗಿಯ ಭಟ್ಟಿಗಳಾದರೋ ಉರುವಲಿನೊಂದಿಗೆ ಹೊಲದ ಮೇಲ್ಮಣ್ಣನ್ನೂ ನುಂಗುತ್ತವೆ.

ಹಾಗೆಂದು ಜಂಬಿಟ್ಟಿಗೆಯು ನಿರ್ದೋಷಿಯೆಂದು ಹೇಳಲಾಗದು. ಗಣಿಯ ಹೊಂಡಗಳನ್ನು ಹಾಗೆಯೇ ಬಿಟ್ಟರೆ ನೆಲವು ಹಾಳಾಗುತ್ತದೆ. ಖಾನಾಪುರ ತಾಲೂಕು ಮಲಪ್ರಭೆಯ ಉಗಮಸ್ಥಾನ. 2011ರಲ್ಲಿ ಘೋಷಿತವಾದ ಭೀಮಗಡ ಅಭಯಾರಣ್ಯವೂ ಇಲ್ಲಿಯೇ ಇದೆ. ಇಂತಹ ಕಡೆ ಪರವಾನಗಿಯಿಲ್ಲದ ಗಣಿಯಿಂದ ಬಂದ ಕಲ್ಲು ಎಷ್ಟು ಅಗ್ಗವಾದರೂ ಪರಿಸರಕ್ಕೆ ತುಟ್ಟಿಯೇ ಸರಿ.

ಎರಡನೆಯ ದಾರಿ ಮಣ್ಣಿನದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಲ್ಲಿ ಕೆ. ಎಸ್. ಜಗದೀಶ ಮೊದಲಾದವರು, ಮಣ್ಣಿಗೆ ಅಲ್ಪಪ್ರಮಾಣದ ಸಿಮೆಂಟನ್ನು ಬೆರೆಸಿ ಯಂತ್ರದಿಂದ ಒತ್ತಿದ, ಸುಡದ ಇಟ್ಟಿಗೆಗಳನ್ನು ರೂಢಿಗೆ ತಂದರು. ನೂರಕ್ಕೆ 5ರಿಂದ 10 ಪಾಲು ಸಿಮೆಂಟು ಸಾಕಾಗುತ್ತದೆ. ಒತ್ತಿದ ಮೇಲೆ ಕೆಲವು ವಾರ ತೇವದಲ್ಲಿಟ್ಟು ಹದಗೊಳಿಸಬೇಕು. ಮರಳಿನ ಅಂಶವುಳ್ಳ ಕೆಮ್ಮಣ್ಣು ಇದಕ್ಕೆ ಯೋಗ್ಯ. ನೀರು ಕುಡಿದು ಉಬ್ಬಿ, ಒಣಗಿದಾಗ ಬಿರಿಯುವ ಎರೆಮಣ್ಣು ಹಾಗೆಯೇ ಯೋಗ್ಯವಲ್ಲ. ಬುನಾದಿಗಾಗಿ ಅಗೆದ ಮಣ್ಣು ಒಳ್ಳೆಯದಾಗಿದ್ದರೆ ಅದೇ ಗೋಡೆಯಾಗಬಲ್ಲದು, ಸಾಗಣೆಯೂ ತಪ್ಪುತ್ತದೆ. ಸುಟ್ಟ ಇಟ್ಟಂಗಿಯೇ ಬೇಕೆನ್ನುವವರು, ಕೇರಳದಲ್ಲಿ ಲಾರಿ ಬೇಕರ್ (1917–2007) ಪ್ರಚಾರಕ್ಕೆ ತಂದಂತೆ, ಇಟ್ಟಂಗಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟಿದರೆ ಸುಮಾರು ಕಾಲುಭಾಗ ಇಟ್ಟಂಗಿ ಉಳಿಯುತ್ತದೆ. ಆ ಪೊಳ್ಳು ಬಿಸಿಲಿನ ಕಾವನ್ನೂ ತಡೆಯುತ್ತದೆ.

ಮೂರನೆಯದು ಮೇಲ್ಛಾವಣಿ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಆ ಮಾದರಿಯ ಹಂಚು ಎಲ್ಲೆಡೆ ಹಬ್ಬಿತು. ಒಳ್ಳೆಯ ಜೇಡಿಮಣ್ಣು ದೊರೆಯುವ ಖಾನಾಪುರವೂ ಹಂಚು, ಮಡಕೆಗಳಿಗೆ ಹೆಸರಾಯಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕುಂಬಾರಿಕೆಯ ಕೇಂದ್ರಸಂಸ್ಥೆಯನ್ನು ಇಲ್ಲಿಯೇ ಸ್ಥಾಪಿಸಿತು. ಹಂಚನ್ನೂ ಸುಡಬೇಕೆಂಬುದು ನಿಜವೇ. ಆದರೆ ಒಮ್ಮೆ ಸುಟ್ಟ ಹಂಚನ್ನು ಇಳಿಸಿ ಮತ್ತೊಂದು ಮನೆಗೆ ಹೊದಿಸಬಹುದು. ಕಾಂಕ್ರೀಟಿನ ತಾರಸಿಯನ್ನು ಒಡೆದರೆ ಉಳಿಯುವುದು ಹೆಚ್ಚಾಗಿ ರಾಶಿಯೇ.

ಇಲ್ಲಿ ಒಂದು ತೊಡಕನ್ನು ಮರೆಯಲಾಗದು. ಹಳೆಯ ಮನೆಗಳ ಗೋಡೆಯನ್ನು ಕಾಪಾಡಿದ್ದು ಮುಂದಕ್ಕೆ ಚಾಚಿದ ಸೂರು. ನಗರದ ಇಕ್ಕಟ್ಟಾದ ನಿವೇಶನಗಳಲ್ಲಿ ಸೂರಿಗೆ ಸ್ಥಳವಿಲ್ಲ. ಸೂರಿಲ್ಲದ ಮಣ್ಣಿನ ಗೋಡೆಯು ಆಷಾಢದ ಎರಚಲನ್ನು ತಾಳುವುದು ಕಷ್ಟ. ಜಂಬಿಟ್ಟಿಗೆಯೂ ನೀರನ್ನು ಹೀರುತ್ತದೆ. ಆದುದರಿಂದ ಹಳೆಯ ದ್ರವ್ಯವನ್ನು ಮಾತ್ರ ತಂದು ಹಳೆಯ ವಿನ್ಯಾಸವನ್ನು ಬಿಟ್ಟರೆ ಅದು ವ್ಯರ್ಥಪ್ರಯತ್ನವಾದೀತು.

ಒಟ್ಟಿನಲ್ಲಿ ನಮಗೆ ತೋರುವುದಿಷ್ಟು: ಬುನಾದಿಗೂ ಮಳೆ ಬಡಿಯುವ ಪಶ್ಚಿಮದ ಗೋಡೆಗೂ ಪರವಾನಗಿಯುಳ್ಳ ಗಣಿಯ ಜಂಬಿಟ್ಟಿಗೆ, ಅದರ ಹೊರಮೈಗೆ ಸುಣ್ಣದ ಗಿಲಾವು, ಒಳಗೋಡೆಗಳಿಗೆ ಒತ್ತಿದ ಮಣ್ಣಿನ ಇಟ್ಟಿಗೆ, ಆದಷ್ಟು ಕಡೆ ಹಳೆಯ ಹಂಚು, ಹಳೆಯ ತೊಲೆ, ಸೂರಿನ ನೀರಿಗೊಂದು ತೊಟ್ಟಿ. ಸಿಮೆಂಟು, ಉಕ್ಕುಗಳನ್ನು ಪೂರ್ಣವಾಗಿ ವರ್ಜಿಸಬೇಕಾಗಿಲ್ಲ. ಅವು ಅನಿವಾರ್ಯವಾದೆಡೆಯಲ್ಲಿ ಮಾತ್ರ ಬಂದರೆ ಸಾಕು. ಆದರೆ ಸುಣ್ಣವನ್ನು ಅರೆದು ಹದ ಮಾಡಬಲ್ಲ, ಕಲ್ಲಿನ ಮುಖ ನೋಡಿ ಕೂಡಿಸಬಲ್ಲ ಗೌಂಡಿಗಳು ಇಲ್ಲದಿದ್ದರೆ ಈ ಸಲಹೆಗಳೆಲ್ಲ ಕಾಗದದಲ್ಲಿಯೇ ಉಳಿಯುತ್ತವೆ. ಆ ವಿದ್ಯೆ ಬಲ್ಲ ಹಿರಿಯರಿರುವಾಗಲೇ ಅವರ ತಿಳಿವಳಿಕೆಯನ್ನು ಬರೆದಿಡುವುದೂ ಕಿರಿಯರಿಗೆ ಅದನ್ನು ಕಲಿಸುವುದೂ ಅಗತ್ಯ. ಇತಿಹಾಸವಿಭಾಗಗಳು ಶಾಸನಗಳನ್ನು ಸಂಗ್ರಹಿಸುವ ಶ್ರದ್ಧೆಯಿಂದಲೇ ಈ ಕೆಲಸವನ್ನೂ ಕೈಗೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.